ದೊಡ್ಡ ಮಕ್ಕಳು, ಸಣ್ಣ ರಜೆ

ನಾನು ಹುಡುಗನಾಗಿದ್ದಾಗ ಬೇಸಗೆ ರಜೆಯೆಂದರೆ ಅಜ್ಜಿಯ ಮನೆ. ಪರೀಕ್ಷೆಯ ಕೊನೆಯ ದಿನ ಸಂಜೆ ಟ್ರಂಕಿಗೆ ನಾಲ್ಕು ಜೊತೆ ಬಟ್ಟೆ ತುಂಬಿದರೆ ಪ್ರವಾಸದ ಸಿದ್ಧತೆ ಮುಗಿದಂತೆಯೇ. ಈಗ ನಮ್ಮಂಥ ಸಾಧಾರಣ ಮನೆಗಳವರೂ ಮಕ್ಕಳನ್ನು ಕರೆದುಕೊಂಡು ಪರದೇಶಕ್ಕೆ ಹೋಗಿಬರುತ್ತಾರೆ. ಹಣದ ಮಾತು ಹಾಗಿರಲಿ, ಅದನ್ನು ಹೇಗೋ ಕೂಡಿಸಬಹುದು. ದಿನಗಳನ್ನು ಕೂಡಿಸುವುದೇ ಕಷ್ಟ. ಎರಡನೆಯ ತರಗತಿಯ ಮಗು ನಾಲ್ಕು ದಿನ ಶಾಲೆ ತಪ್ಪಿಸಿದರೆ ಲೋಕವೇನೂ ಮುಳುಗದು. ಎಂಟನೆಯ ತರಗತಿ ದಾಟಿತೆಂದರೆ ಮಾತೇ ಬೇರೆ. ಹಾಜರಿ ನೂರಕ್ಕೆ ಎಪ್ಪತ್ತೈದಿರಬೇಕು, ಕಿರುಪರೀಕ್ಷೆಗಳಿವೆ, ಮನೆಪಾಠವಿದೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಹುಡುಗನಿಗೆ ತನ್ನದೇ ಆದ ಇಷ್ಟಾನಿಷ್ಟಗಳು ಹುಟ್ಟಿರುತ್ತವೆ.

ಸಾಮಾನ್ಯವಾಗಿ ನಾವು ಮೊದಲು ದೇಶವನ್ನು ಆರಿಸುತ್ತೇವೆ, ಆಮೇಲೆ ರಜೆಯನ್ನು ಹುಡುಕುತ್ತೇವೆ. ಇದು ತಲೆಕೆಳಗಾದ ಕ್ರಮವೆಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. 2019ರ ಮೇ ತಿಂಗಳಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಡನೆ ನಾವು ಅಲ್ಲಿಗೆ ಹೋದೆವು. ಸೋದರ ಬಂಧುಗಳಾದ ಮಕ್ಕಳು ಒಂದು ತಿಂಗಳು ಕೂಡಿ ಆಡಲಿ ಎಂಬುದೇ ಉದ್ದೇಶ. ಆದರೆ ನ್ಯೂಜೆರ್ಸಿಯ ಶಾಲೆಗಳು ಮುಚ್ಚುವುದು ಜೂನ್ ಮಧ್ಯದ ಈಚೆಗೆ, ತೆರೆಯುವುದು ಸೆಪ್ಟೆಂಬರಿನ ಮೊದಲಲ್ಲಿ. ಬೆಳಗಾದರೆ ಮಗಳ ಮಗ ಹಳದಿ ಬಸ್ಸು ಹತ್ತಿ ಹೋಗುತ್ತಿದ್ದ. ನಮ್ಮ ಮಕ್ಕಳು ಕಿಟಕಿಯಲ್ಲಿ ನಿಂತು ಮಧ್ಯಾಹ್ನದವರೆಗೆ ಕಾಯುತ್ತಿದ್ದರು. ಅವನಿಗೆ ರಜೆ ಬಂದಾಗ ಮೈಸೂರಿನಲ್ಲಿ ಶಾಲೆ ತೆರೆದು ಎರಡು ವಾರ ಮೀರಿತ್ತು.

ಈ ಎಡವಟ್ಟು ನಮ್ಮೊಬ್ಬರದಲ್ಲ. ಕರ್ನಾಟಕದಲ್ಲಿ ಏಪ್ರಿಲಿನ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಬಿಡುವು. ಗಲ್ಫ್ ನಾಡುಗಳಲ್ಲಿ ನೆಲಸಿರುವ ನಮ್ಮ ಕರಾವಳಿಯವರ ಮಕ್ಕಳಿಗೆ ಜುಲೈ, ಆಗಸ್ಟ್. ಆಸ್ಟ್ರೇಲಿಯದಲ್ಲಿರುವವರಿಗೆ ಡಿಸೆಂಬರ್, ಜನವರಿಯೇ ಬೇಸಗೆ. ಇಂಗ್ಲೆಂಡಿನ ಶಾಲೆಗಳ ದೊಡ್ಡ ರಜೆ ಜುಲೈ ಕೊನೆಯಿಂದ ಸುಮಾರು ಆರು ವಾರ. ಪಾಠ ನಡೆಯುವಾಗ ಅನುಮತಿಯಿಲ್ಲದೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ತಂದೆತಾಯಿಗಳಿಗೆ ಅಲ್ಲಿ ದಂಡ ಹಾಕುವುದುಂಟು. 2024ರ ಆಗಸ್ಟಿನಿಂದ ಅದು ಒಬ್ಬೊಬ್ಬರಿಗೆ 80 ಪೌಂಡು, ತಡಮಾಡಿದರೆ ಇಮ್ಮಡಿ. ಜರ್ಮನಿಯವರದು ಬೇರೆ ಜಾಣತನ. ರಸ್ತೆಗಳೆಲ್ಲ ಒಂದೇ ದಿನ ತುಂಬಿ ಹೋಗದಿರಲೆಂದು ಅಲ್ಲಿನ ರಾಜ್ಯಗಳು ಬೇಸಗೆ ರಜೆಯನ್ನು ಹಿಂದುಮುಂದಾಗಿ ಹಂಚಿಕೊಂಡಿವೆ. ಬವೇರಿಯದ ಮಕ್ಕಳು ಶಾಲೆಗೆ ಹಿಂತಿರುಗುವುದು ಸೆಪ್ಟೆಂಬರ್ ಮಧ್ಯದಲ್ಲಿ.

ಆದುದರಿಂದ ಮೊದಲು ಮಗುವಿನ ಶಾಲೆಯ ವೇಳಾಪಟ್ಟಿ, ಅನಂತರ ಆ ತಿಂಗಳಿಗೆ ಒಪ್ಪುವ ದೇಶ. ಏಪ್ರಿಲ್ ಮೇಗಳಲ್ಲಿ ಯೂರೋಪಿಗೆ ವಸಂತ. ಈಸ್ಟರ್ ವಾರವೊಂದನ್ನು ಬಿಟ್ಟರೆ ಅಲ್ಲಿನ ಮಕ್ಕಳು ಶಾಲೆಯಲ್ಲಿರುವುದರಿಂದ ನೂಕುನುಗ್ಗಲು ಕಡಮೆ. ಹಾಲೆಂಡಿನ ಕ್ಯೂಕೆನ್‌ಹಾಫ್ ತೋಟದ ಟ್ಯೂಲಿಪ್ ಹೂಗಳನ್ನು ಮೇ ಮಧ್ಯದೊಳಗೆ ನೋಡಬೇಕು. ಅದೇ ತಿಂಗಳುಗಳಲ್ಲಿ ಥಾಯ್ಲೆಂಡಿಗೆ ಹೋದವರು ರಾಯಚೂರಿನ ಬಿಸಿಲನ್ನು ದುಡ್ಡು ಕೊಟ್ಟು ಕೊಂಡಂತಾಗುತ್ತದೆ. ದಸರೆಯ ರಜೆಗೆ ಹಿಮಾಲಯವೇ ಸರಿ. ಮಳೆ ಹಿಂದೆಗೆದು ಆಕಾಶ ತೊಳೆದಿಟ್ಟಂತಿರುತ್ತದೆ.

ಕಾಗದಪತ್ರಗಳ ಲೆಕ್ಕವನ್ನು ಹೊರಡುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಯೂರೋಪಿನ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಕೂಡದು. ಹನ್ನೆರಡು ತುಂಬಿದವರೆಲ್ಲ ಬೆರಳ ಗುರುತು ಕೊಡಬೇಕು, ದೊಡ್ಡವರ ಶುಲ್ಕವನ್ನೇ ತೆರಬೇಕು. ಏಪ್ರಿಲಿನಲ್ಲಿ ಹೊರಡುವವರು ಬೆರಳು ಒತ್ತಲು ಬೆಂಗಳೂರಿಗೆ ಹೋಗಬೇಕಾದ ದಿನ ಪೂರ್ವಸಿದ್ಧತಾ ಪರೀಕ್ಷೆಯ ದಿನವೇ ಆಗುವುದುಂಟು. ವಿಮಾನದವರ ಲೆಕ್ಕದಲ್ಲಿಯೂ ಹನ್ನೆರಡಕ್ಕೆ ಮಗು ದೊಡ್ಡದಾಗುತ್ತದೆ; ಮನೆಯಲ್ಲಿ ಮಾತ್ರ ಇಪ್ಪತ್ತಾದರೂ ಆಗುವುದಿಲ್ಲ.

ನಾವು ಎಡವಿದ್ದು ಪಾಸ್‌ಪೋರ್ಟಿನಲ್ಲಿ. 2023ರಲ್ಲಿ ಹಿರಿಯ ಮೊಮ್ಮಗ ಒಂಬತ್ತನೆಯ ತರಗತಿಯಲ್ಲಿದ್ದ, ಹದಿನೈದು ತುಂಬಿತ್ತು. ಅವನ ತಂಗಿಗೆ ಹನ್ನೊಂದು. ಮುಂದಿನ ವರ್ಷ ಹತ್ತನೆಯ ತರಗತಿ, ಈ ದಸರೆಯಲ್ಲೇ ಸಿಂಗಪುರ ನೋಡಿಬರೋಣವೆಂದು ಮಗ ನಿಶ್ಚಯಿಸಿದ. ಟಿಕೆಟ್ಟಿಗೆ ಹಣ ಕಟ್ಟುವ ಹೊತ್ತಿಗೆ ಸೊಸೆ ಪಾಸ್‌ಪೋರ್ಟುಗಳನ್ನು ತೆಗೆದು ನೋಡಿದಳು. ನಮ್ಮ ದೇಶದಲ್ಲಿ ಹದಿನೈದಾಗದ ಮಕ್ಕಳಿಗೆ ಕೊಡುವ ಪಾಸ್‌ಪೋರ್ಟಿಗೆ ಐದೇ ವರ್ಷ ಆಯುಸ್ಸು. 2018ರ ಡಿಸೆಂಬರಿನಲ್ಲಿ ಅಮೆರಿಕದ ಪ್ರಯಾಣಕ್ಕೆಂದು ಮಾಡಿಸಿದ್ದ ಇಬ್ಬರ ಪಾಸ್‌ಪೋರ್ಟುಗಳೂ ಇನ್ನೆರಡು ತಿಂಗಳಿಗೆ ಮುಗಿಯುವವು. ಸಿಂಗಪುರಕ್ಕೆ ಇನ್ನೂ ಆರು ತಿಂಗಳು ಬಾಳುವ ಪಾಸ್‌ಪೋರ್ಟು ಬೇಕು. ಹೊರಡಲು ಉಳಿದಿದ್ದುದು ಎರಡು ವಾರ.

ಹುಡುಗ ಏನೂ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಭೂಪಟವನ್ನು ತಂದು ನನ್ನ ಮುಂದೆ ಹಾಸಿ, “ತಾತ, ವೀಸಾ ಇಲ್ಲದೆ ಎಲ್ಲಿಗೆ ಹೋಗಬಹುದು?” ಎಂದ. ನೇಪಾಳಕ್ಕೆ ನಮಗೆ ವೀಸಾ ಬೇಡ. ದೊಡ್ಡವರಿಗೆ ಮತದಾರರ ಗುರುತಿನ ಚೀಟಿ ಸಾಕು. ಹದಿನೈದರಿಂದ ಹದಿನೆಂಟರವರಿಗೆ ಪಾಸ್‌ಪೋರ್ಟು ಇಲ್ಲದಿದ್ದರೂ ಶಾಲೆಯ ಮುಖ್ಯಸ್ಥರು ಗೊತ್ತಾದ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ನಡೆಯುತ್ತದೆ. ನಮ್ಮ ಮಕ್ಕಳಿಗೆ ಅವಧಿ ಮುಗಿಯದ ಹಳೆಯ ಪಾಸ್‌ಪೋರ್ಟುಗಳೇ ಸಾಕಾದವು. ಅಡ್ಡಿ ಬಂದದ್ದು ನನ್ನ ಮನೆಯಾಕೆಯಿಂದ. ಮೈಸೂರಿನವರು ದಸರೆಯಲ್ಲಿ ಊರು ಬಿಡುವುದುಂಟೇ, ಗೊಂಬೆ ಕೂರಿಸುವವರಾರು? ಪಟ್ಟದ ಗೊಂಬೆಗಳನ್ನು ಅವಳ ತಂಗಿಯ ವಶಕ್ಕೆ ಕೊಟ್ಟ ಮೇಲೆಯೇ ಪೆಟ್ಟಿಗೆ ಕಟ್ಟಿದ್ದು.

ಅಕ್ಟೋಬರ್ 8ಕ್ಕೆ ರಜೆ ಆರಂಭವಾದರೂ ನಾವು ಹೊರಟದ್ದು 10ಕ್ಕೆ. ಪರೀಕ್ಷೆ ಮುಗಿದ ರಾತ್ರಿಯೇ ಮಕ್ಕಳನ್ನು ವಿಮಾನ ಹತ್ತಿಸಬಾರದು. ಎರಡು ದಿನ ಅವರು ಕಣ್ತುಂಬ ನಿದ್ದೆ ಮಾಡಲಿ. ವೇಳಾಪಟ್ಟಿಯನ್ನು ಹುಡುಗನೇ ಬರೆದ. ಖರ್ಚಿನ ಲೆಕ್ಕ ಹುಡುಗಿಯದು. ಒಬ್ಬೊಬ್ಬರಿಗೂ ಒಂದೊಂದು ಇಷ್ಟದ ಸ್ಥಳ, ಉಳಿದವರು ಗೊಣಗದೆ ಜೊತೆಗೆ ಹೋಗಬೇಕು ಎಂದು ಒಪ್ಪಂದವಾಯಿತು. ನೇಪಾಳದ ಗಡಿಯಾರ ನಮಗಿಂತ ಹದಿನೈದೇ ನಿಮಿಷ ಮುಂದು ಎಂಬುದು ಹುಡುಗಿಗೆ ದೊಡ್ಡ ವಿನೋದ. ಹುಡುಗನ ಆಯ್ಕೆ ಪೊಖರಾ. ಮನೆಯಲ್ಲಿ ಎಂಟಕ್ಕೂ ಏಳದವನು ನಾಲ್ಕಕ್ಕೆ ಎದ್ದು ನಮ್ಮನ್ನೆಲ್ಲ ಸಾರಂಗಕೋಟ್ ಗುಡ್ಡಕ್ಕೆ ಹೊರಡಿಸಿದ. ಅನ್ನಪೂರ್ಣಾ ಸಾಲಿನ ಮೇಲೆ ಬಿಸಿಲು ಬಿದ್ದಾಗ ಅವನ ಕೈಯ ಫೋನು ಜೇಬಿನಲ್ಲಿತ್ತು. ಅಂಥದ್ದು ನಾನು ಕಂಡದ್ದು ಅಪರೂಪ.

ನನ್ನ ಆಯ್ಕೆ ಲುಂಬಿನಿ. ಅಲ್ಲಿನ ಅಶೋಕ ಸ್ತಂಭದ ಶಾಸನ, ಬುದ್ಧ ಹುಟ್ಟಿದ ಊರೆಂದು ತೆರಿಗೆಯನ್ನು ಎಂಟರಲ್ಲೊಂದು ಭಾಗಕ್ಕೆ ಇಳಿಸಿದ ಸಂಗತಿಯನ್ನು ಹೇಳುತ್ತದೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಎಂದು ಹೇಳಿದೆ. ಹುಡುಗ ಅಕ್ಷರಗಳನ್ನು ದಿಟ್ಟಿಸುತ್ತ, “ಅಲ್ಲಿಯೂ ಇದೇ ಲಿಪಿಯೇ?” ಎಂದ. ಇದೇ ಬ್ರಾಹ್ಮಿ. ನಲವತ್ತು ವರ್ಷ ಪಾಠ ಹೇಳಿದವನಿಗೆ ಅಂಥದೊಂದು ಪ್ರಶ್ನೆ ತರಗತಿಯಲ್ಲಿ ಸುಲಭಕ್ಕೆ ಸಿಕ್ಕಿರಲಿಲ್ಲ. ಕಠ್ಮಂಡುವಿಗೆ ಬಂದಾಗ ಅಲ್ಲಿಯೂ ಘಟಸ್ಥಾಪನೆ. ಅವರ ದಶೈಂ ನಮ್ಮ ದಸರೆಯೇ. ಪಶುಪತಿನಾಥನ ಪೂಜೆಗೆ ದಕ್ಷಿಣದ ಭಟ್ಟರು, ಬಹುಪಾಲು ಕರ್ನಾಟಕದವರೇ ಇರುವುದು ಹಳೆಯ ಸಂಪ್ರದಾಯ. ಗೊಂಬೆಗಳನ್ನು ಬಿಟ್ಟು ಬಂದ ನನ್ನಾಕೆಗೆ ಅಲ್ಲಿ ಸಮಾಧಾನವಾಯಿತು.

ಅದಾದ ಮೇಲೆ ನಾವೆಲ್ಲ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ. ದೊಡ್ಡ ಮಕ್ಕಳಿಗೆ ಎಲ್ಲಕ್ಕಿಂತ ಉದ್ದವಾದ ಬಿಡುವು ಹತ್ತನೆಯ ತರಗತಿಯ ಪರೀಕ್ಷೆಗೂ ಕಾಲೇಜಿಗೂ ನಡುವಿನದು. ದ್ವಿತೀಯ ಪಿಯುಸಿ ಮುಗಿಸಿದವರಿಗೆ ಏಪ್ರಿಲಿನಲ್ಲಿ ಸಿಇಟಿ, ಮೇ ಮೊದಲಲ್ಲಿ ನೀಟ್. ಅವರನ್ನು ಮಾತಾಡಿಸುವಂತೆಯೇ ಇಲ್ಲ. 2025ರ ಏಪ್ರಿಲನ್ನು ನಾವು ಮೊಮ್ಮಗನಿಗಾಗಿ ಕಾದಿಟ್ಟಿದ್ದೆವು. ಪರೀಕ್ಷೆ ಮುಗಿದ ಐದನೆಯ ದಿನವೇ ಅವನು ಸೇರಲಿದ್ದ ಕಾಲೇಜಿನಲ್ಲಿ ಬುನಾದಿ ತರಗತಿಗಳೆಂದರು. ಬಾರದವರು ಹಿಂದೆ ಬೀಳುತ್ತಾರೆ ಎಂದರು. ಮಗ ಹೆದರಿದ. ನಾನೂ ಬೇಡವೆನ್ನಲಿಲ್ಲ, ಎನ್ನಬಹುದಾಗಿತ್ತು. ಆರು ವಾರ ಅಲ್ಲಿಯೇ ಕಳೆದವು. ಈಗ ಅವನು ವಿದ್ಯಾರ್ಥಿನಿಲಯದಲ್ಲಿದ್ದಾನೆ, ಹಬ್ಬಕ್ಕೆ ಎರಡು ದಿನ ಬಂದು ಹೋಗುತ್ತಾನೆ.

ಮೊಮ್ಮಗಳ ಪಾಸ್‌ಪೋರ್ಟನ್ನು 2024ರ ಜನವರಿಯಲ್ಲಿ ಹೊಸದಾಗಿ ಮಾಡಿಸಿದೆವು. ಅದು 2029ರ ಜನವರಿಯವರೆಗೆ ನಡೆಯುತ್ತದೆ. ಅವಳ ಹತ್ತನೆಯ ತರಗತಿಯ ಪರೀಕ್ಷೆ 2028ರಲ್ಲಿ. ಆರು ತಿಂಗಳು ಕಳೆದರೂ ಆ ವರ್ಷದ ಏಪ್ರಿಲ್ ಮೇ ಉಳಿಯುತ್ತವೆಂದು ಅವಳೇ ಲೆಕ್ಕ ಹಾಕಿ, ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದಾಳೆ. ಕೆಳಗೆ ತನ್ನ ಅಪ್ಪನಿಂದ ಸಹಿಯನ್ನೂ ಹಾಕಿಸಿಕೊಂಡಿದ್ದಾಳೆ.