ಕ್ಲಚ್ ಪೆಡಲ್ ಇಲ್ಲದ ಕಾರು

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಹಾಕಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಗಳೂ ತಿರುಗತೊಡಗುತ್ತವೆ!

1990ರ ದಶಕದ ಕೊನೆಯ ಜರ್ಮನ್ ಕಾರು ಆಡಿ ಎ4 ಅವಾಂಟ್‌ನ ಆಟೊಮ್ಯಾಟಿಕ್ ಮಾದರಿಯ ಗುಟ್ಟೂ ಇದೇ. ಹಿಂಬದಿಯಲ್ಲಿ ಸಾಮಾನಿಗೆ ಧಾರಾಳ ಜಾಗವಿರುವ ಈ ‘ಎಸ್ಟೇಟ್’ ಕಾರಿನಲ್ಲಿ ಕ್ಲಚ್ ಪೆಡಲ್ ಇಲ್ಲ; ಬದಲಿಗೆ ಟಾರ್ಕ್ ಕನ್ವರ್ಟರ್ ಇದೆ. ಇಲ್ಲಿ ಗಾಳಿಯ ಕೆಲಸ ಮಾಡುವುದು ಎಣ್ಣೆ. ಎಂಜಿನ್ ತಿರುಗಿಸುವ ಚಕ್ರ ಎಣ್ಣೆಯನ್ನು ಚಿಮ್ಮಿಸುತ್ತದೆ. ಎದುರಿನ ಚಕ್ರ ತಿರುಗಿ ಗೇರ್‌ಬಾಕ್ಸಿಗೆ ಬಲ ಮುಟ್ಟಿಸುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಈ ತತ್ವಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ!

ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೂ ಎಣ್ಣೆ ತಳ್ಳುತ್ತಲೇ ಇರುತ್ತದೆ. ಹಾಗಾಗಿ ‘ಡಿ’ಯಲ್ಲಿರುವ ಕಾರು ಆಕ್ಸಿಲರೇಟರ್ ಒತ್ತದಿದ್ದರೂ ತೆವಳುತ್ತದೆ. ಹದಿನೆಂಟು ತುಂಬಿ ಇಂಥ ಕಾರು ಕಲಿಯಹೊರಟ ಮಕ್ಕಳಿಗೆ ಪಾಲಕರು ಹೇಳಬೇಕಾದ ಮೊದಲ ಪಾಠ: ಸಿಗ್ನಲ್ಲಿನಲ್ಲಿ ಕಾಲು ಬ್ರೇಕಿನ ಮೇಲೇ ಇರಲಿ.