ಖಾರದ ನಾಡಿನಲ್ಲಿ ಎ.ಸಿ. ಜಾಲರಿ

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹೊಸರಿತ್ತಿಯ ನಮ್ಮ ಮನೆಯಲ್ಲೂ ವರ್ಷದ ಖಾರಪುಡಿಯ ಗಡಿಬಿಡಿ. ಮಾಳಿಗೆಯ ಮೇಲೆ ಕಾಯಿ ಒಣಗುತ್ತವೆ, ಪಡಸಾಲೆಯಲ್ಲಿ ತೊಟ್ಟು ಬಿಡಿಸುತ್ತಾರೆ. ಬಿಸಿಲು ಏರುವುದೂ ಆಗಲೇ, ಒಳಕೋಣೆಯ ಎ.ಸಿ. ಶುರುವಾಗುವುದೂ ಆಗಲೇ. ಎರಡು ವರ್ಷದ ಹಿಂದೆ ಅದರ ಗಾಳಿ ತಗ್ಗಿತೆಂದು ಮುಚ್ಚಳ ತೆಗೆದು, ಜಾಲರಿ ಎಳೆದು, ಅಂಗಳದಲ್ಲಿ ಒಣ ಬ್ರಷ್‌ನಿಂದ ಝಾಡಿಸಿದೆ. ಎರಡು ಏಟಿಗೇ ಕೆಮ್ಮು ಹತ್ತಿತು, ಕಣ್ಣು ಬಿಡಲಾಗಲಿಲ್ಲ. ಓಡಿ ಬಂದ ಅವ್ವ, "ಒಣದ ಝಾಡಸ್ತಾರೇನೋ? ಮೊದಲ ತೋಯಿಸು" ಅಂದಳು.

2011ರಲ್ಲಿ ಜಿ.ಐ. ಮಾನ್ಯತೆ ಪಡೆದ ಬ್ಯಾಡಗಿ ಕಾಯಿಗೆ ಹೆಸರು ಬಂದಿರುವುದು ಬಣ್ಣದಿಂದ, ಖಾರ ಕಡಿಮೆಯೇ. ಆದರೆ ಪುಡಿ ಗಾಳಿಯಲ್ಲಿ ತೇಲಿ ನೇರ ಮೂಗು, ಗಂಟಲಿಗೆ ಇಳಿದಾಗ ಆ ಕಡಿಮೆ ಖಾರವೂ ಸಾಕು. ನಮ್ಮ ನರಗಳ ತುದಿಯಲ್ಲಿ ಟಿ.ಆರ್.ಪಿ.ವಿ.1 ಎಂಬ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಗುಲಿದರೆ ಅದು 'ಸುಡುತ್ತಿದೆ' ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಗುಲಿದರೂ ಅದೇ ಸುದ್ದಿ. 1997ರಲ್ಲಿ ಈ ಪ್ರೋಟೀನನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೀರು ಪುಡಿ ಹಾರದಂತೆ ಹಿಡಿಯುತ್ತದೆ, ಖಾರ ಬಿಡಿಸಲು ಸೋಪು ಬೇಕು.

ಇನ್ನು ಜಾಲರಿಯ ಮಾತು. ಎ.ಸಿ. ಹಚ್ಚಿದರೆ ಕೋಣೆಯ ಗಾಳಿ ಶುದ್ಧವಾಗುತ್ತದೆಂದು ನಂಬಿದವರು ಬಹಳ ಜನ. ಆ ಪ್ಲಾಸ್ಟಿಕ್ ಜಾಲರಿ ಇರುವುದು ಯಂತ್ರವನ್ನು ಕಾಯಲಿಕ್ಕೆ. ಅದು ಜರಡಿಯಂತೆ ಕೂದಲು, ನೂಲು, ದಪ್ಪ ಧೂಳು ಹಿಡಿಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ 2.5 ಮೈಕ್ರಾನಿನ ಕಣಕ್ಕೆ ಅದರ ಕಿಂಡಿ ಅಗಸೆ ಬಾಗಿಲಿದ್ದಂತೆ.

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಎಂಬ ಯಂತ್ರಕ್ಕೆ ಮಡಿಕೆ ಮಡಿಕೆಯಾದ ಎಳೆಗಳ ಫಿಲ್ಟರ್ ಹಾಕುತ್ತಾರೆ. ಅದರ ರೀತಿ ಬೇರೆ, ಅದು ಜಾಲಿಕಂಟಿಯ ಬೇಲಿಯಂತೆ. ಗಾಳಿ ಎಳೆಗಳ ನಡುವೆ ನುಸುಳಿ ತಿರುಗುತ್ತದೆ. ಭಾರದ ಕಣ ತಿರುಗಲಾರದೆ ಎಳೆಗೆ ಬಡಿದು ಅಂಟುತ್ತದೆ. ತೀರಾ ಸಣ್ಣ ಕಣ ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಓಲಾಡುತ್ತ ಎಲ್ಲೋ ಒಂದು ಎಳೆಗೆ ತಾಗುತ್ತದೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರಾನಿನ ಕಣವೇ ಹಿಡಿಯಲು ಎಲ್ಲಕ್ಕಿಂತ ಕಷ್ಟ. ಅಂಥ ಬಿಸಾಡುವ ಫಿಲ್ಟರನ್ನು ತೊಳೆಯಬಾರದು, ನೆನೆದರೆ ಎಳೆಗಳು ಕೆಡುತ್ತವೆ. ನಮ್ಮ ಪ್ಲಾಸ್ಟಿಕ್ ಜಾಲರಿಯನ್ನು ತೊಳೆಯಲೇಬೇಕು. ಅದು ಕಟ್ಟಿಕೊಂಡರೆ ಒಳಗಿನ ತಣ್ಣನೆಯ ಕೊಳವೆಗಳಿಗೆ ಸಾಕಷ್ಟು ಗಾಳಿ ತಾಗದೆ ಮಂಜುಗಡ್ಡೆ ಕಟ್ಟುತ್ತದೆ. ಕೋಣೆ ತಂಪಾಗುವುದಿಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತದೆ. ಗಡ್ಡೆ ಕರಗಿದಾಗ ಗೋಡೆಯ ಮೇಲೆ ನೀರು ಇಳಿಯುತ್ತದೆ.

ಈಗ ನಾನು ಖಾರದ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮೇನ್ ಸ್ವಿಚ್ ಆರಿಸಿ, ಮೂಗಿಗೆ ಬಟ್ಟೆ ಕಟ್ಟಿ, ಜಾಲರಿಯನ್ನು ಅಲುಗಿಸದೆ ತಂದು ಸೋಪಿನ ನೀರಿನ ಬುಟ್ಟಿಯಲ್ಲಿ ಮುಳುಗಿಸುತ್ತೇನೆ. ನೀರು ಉಗುರುಬೆಚ್ಚಗಿದ್ದರೆ ಸಾಕು, ಕುದಿನೀರಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸ್ವಲ್ಪ ಹೊತ್ತಿಗೆ ಬೂದು ಬಣ್ಣದ ರಾಡಿ ಬಿಟ್ಟುಕೊಳ್ಳುತ್ತದೆ, ಅದರಲ್ಲಿ ಕೆಂಪು ಚುಕ್ಕೆಗಳು. ಆಮೇಲೆ ಜಾಲರಿ ತಿರುವಿ ಹಿಂಬದಿಯಿಂದ ನಳದ ನೀರು ಬಿಡುತ್ತೇನೆ. ಧೂಳು ಹೊಕ್ಕ ದಾರಿಯಲ್ಲೇ ವಾಪಸ್ ಹೋಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಬೇಕು; ಹಸಿ ಉಳಿದರೆ ಬೂಜು ಹಿಡಿಯುತ್ತದೆ. ಒಳಗಿನ ಅಲ್ಯೂಮಿನಿಯಂ ಹಾಳೆಗಳಿಗೆ ತಂತಿ ಬ್ರಷ್ ಹಾಕಬೇಡಿ, ಮುಟ್ಟಿದರೆ ಮಡಚಿಕೊಳ್ಳುತ್ತವೆ.

ಮನೆಯಲ್ಲಿ ಉಬ್ಬಸದವರಿದ್ದರೆ ಖಾರ ಕುಟ್ಟುವ ದಿನ ಈ ಜಾಲರಿಯನ್ನು ನೆಚ್ಚಬೇಡಿ. ಆವತ್ತು ಎ.ಸಿ. ಆರಿಸಿ, ಕಿಟಕಿ ಬಾಗಿಲು ತೆರೆದಿಡಿ. ಒರಳಿನ ಮುಂದೆ ಕೂತವರಿಗೆ ಎನ್95 ಮಾಸ್ಕ್ ಕೊಡಿ, ಉಬ್ಬಸದವರನ್ನು ಸಂಜೆತನಕ ಪಕ್ಕದ ಮನೆಗೆ ಕಳಿಸಿ.