ಟ್ರ್ಯಾಕ್ಟರ್ ಶಾಫ್ಟಿನ ಕೀಲು ಬದಲಾಯಿಸುವ ಬಗೆ



ಹದವಾದ ಮಳೆ ಬಿದ್ದು ಮೂರನೆಯ ದಿನ. ನೆಲ ಬಿತ್ತನೆಗೆ ಕರೆಯುತ್ತಿದೆ. ಇನ್ನೆರಡು ದಿನ ಬಿಸಿಲು ಕಾದರೆ ಮಣ್ಣು ಗಟ್ಟಿಯಾಗುವುದು. ಅಂಥ ಹೊತ್ತಿನಲ್ಲಿಯೇ ಟ್ರ್ಯಾಕ್ಟರಿಗೂ ರೋಟವೇಟರಿಗೂ ನಡುವೆ ತಿರುಗುವ ಶಾಫ್ಟಿನ ಕೀಲು ಮುರಿದು ಕೆಲಸ ನಿಂತುಹೋಗುವುದನ್ನು ನಾನು ಪ್ರತಿ ಮುಂಗಾರಿನಲ್ಲೂ ಕಾಣುತ್ತಿದ್ದೇನೆ. ಪೇಟೆಯ ಮೆಕ್ಯಾನಿಕ್ಕನಿಗೆ ಆ ವಾರ ಊಟಕ್ಕೂ ಪುರಸತ್ತು ಇರುವುದಿಲ್ಲ. ಅವನ ಅಂಗಡಿಯ ಮುಂದೆ ಸರದಿ ಕಾಯುತ್ತ ಕುಳಿತರೆ ಹೊಲದ ಹದ ಆರಿಹೋಗುವುದು. ನಿಜವಾಗಿ ನೋಡಿದರೆ ಈ ಕೀಲು ಬದಲಾಯಿಸುವುದು ಗಾಡಿಯ ಚಕ್ರಕ್ಕೆ ಹಳಿ ಹಾಕುವಷ್ಟು ಕಷ್ಟದ ಕೆಲಸವೂ ಅಲ್ಲ. ಕ್ರಮ ತಿಳಿದಿರಬೇಕು, ಅಷ್ಟೆ.

ಇಂಗ್ಲಿಷಿನಲ್ಲಿ ಇದಕ್ಕೆ ಯೂನಿವರ್ಸಲ್ ಜಾಯಿಂಟ್ ಎಂದು ಹೆಸರು. ನಮ್ಮ ಕಡೆಯ ಅಂಗಡಿಗಳಲ್ಲಿ ಕ್ರಾಸ್ ಎಂದರೆ ಸಾಕು, ಕೊಡುತ್ತಾರೆ. ಎರಡು ಕವೆಗಳನ್ನು ಎದುರುಬದುರಾಗಿ, ಒಂದಕ್ಕೊಂದು ಅಡ್ಡಲಾಗಿ ಹಿಡಿದು, ಅವುಗಳ ನಡುವೆ ಕೂಡು ಗುರುತಿನ ಆಕಾರದ ಒಂದು ಉಕ್ಕಿನ ತುಂಡನ್ನು ಕೂಡಿಸಿದಂತೆ ಊಹಿಸಿಕೊಳ್ಳಿ. ಆ ತುಂಡಿನ ನಾಲ್ಕು ತೋಳುಗಳ ಮೇಲೆ ನಾಲ್ಕು ಚಿಕ್ಕ ಉಕ್ಕಿನ ಬಟ್ಟಲುಗಳು ಕೂರುತ್ತವೆ. ಬಟ್ಟಲಿನ ಒಳಸುತ್ತಿನಲ್ಲಿ ಹೊಲಿಗೆಯ ಸೂಜಿಯ ಹಾಗೆ ತೆಳ್ಳಗಿರುವ ರೋಲರುಗಳು ಸಾಲಾಗಿ ನಿಂತಿರುತ್ತವೆ. ಬಟ್ಟಲು ಹೊರಗೆ ಜಾರದಂತೆ ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಬಳೆ ತಡೆಯುತ್ತದೆ. ಶಾಫ್ಟು ಓರೆಯಾಗಿದ್ದರೂ ತಿರುಗುವ ಬಲ ಅತ್ತಿಂದಿತ್ತ ದಾಟುವುದು ಈ ಕೀಲಿನಿಂದಲೇ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಇದರ ಚಲನೆಯನ್ನು ಅಭ್ಯಾಸ ಮಾಡಿದ್ದರಿಂದ ಪುಸ್ತಕಗಳಲ್ಲಿ ಹುಕ್ಕನ ಕೀಲು ಎಂದೂ ಬರೆಯುತ್ತಾರೆ. ಜೀಪು, ಲಾರಿಗಳ ಹೊಟ್ಟೆಯ ಕೆಳಗೆ ತಿರುಗುವುದೂ ಇದೇ ಜಾತಿಯ ಕೀಲು.

ಈಗ ಒಂದು ಸೂಕ್ಷ್ಮ ಸಂಗತಿ ಹೇಳಬೇಕು. ಇದನ್ನು ತಿಳಿಯದೆ ಎಷ್ಟು ಹೊಸ ಕ್ರಾಸ್ ಹಾಕಿದರೂ ಪ್ರಯೋಜನವಿಲ್ಲ. ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಓ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಒಂದೇ ಕೀಲು ಓರೆಯಾಗಿ ತಿರುಗುವಾಗ ಅದರ ಆಚೆಯ ಶಾಫ್ಟು ಒಂದೇ ಸಮನಾಗಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಓಡುತ್ತದೆ, ಎರಡು ಸಲ ಹಿಂಜರಿಯುತ್ತದೆ. ಓರೆ 30 ಡಿಗ್ರಿಯಾದರೆ ವೇಗವು 540ರ ಬದಲು ಸುಮಾರು 468ಕ್ಕೆ ಇಳಿದು 624ರ ತನಕ ಏರುತ್ತದೆ. ಇದು ಪ್ರತಿ ಸುತ್ತಿನಲ್ಲೂ ನಡೆಯುವ ಜಗ್ಗಾಟ. ಈ ಜಗ್ಗಾಟವನ್ನು ತಣಿಸುವುದಕ್ಕೋಸ್ಕರವೇ ಶಾಫ್ಟಿನ ಇನ್ನೊಂದು ತುದಿಯಲ್ಲೂ ಒಂದು ಕೀಲನ್ನು ಇಟ್ಟಿದ್ದಾರೆ. ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಸರಿದೂಗಿಸಬೇಕಾದರೆ ಎರಡೂ ಕಡೆಯ ಓರೆ ಸಮನಾಗಿರಬೇಕು. ಜೊತೆಗೆ, ಒಂದರೊಳಗೊಂದು ಜಾರುವ ಎರಡು ಕೊಳವೆಗಳ ತುದಿಯಲ್ಲಿರುವ ಕವೆಗಳು ಒಂದೇ ಸಾಲಿಗೆ ನಿಲ್ಲಬೇಕು. ಚೌಕ ಕೊಳವೆಯ ಶಾಫ್ಟಾದರೆ ಒಂದು ಮಗ್ಗುಲು ತಪ್ಪಿಸಿ ಜೋಡಿಸಿದರೂ ಒಳಗೆ ಹೋಗಿಬಿಡುತ್ತದೆ. ಆಗ ಎರಡು ಕೀಲುಗಳ ಏರುಪೇರು ಕೂಡಿಕೊಂಡು ಇಡೀ ಯಂತ್ರವೇ ನಡುಗುವುದು. ‘ಹೊಸ ಕ್ರಾಸ್ ಹಾಕಿಸಿ ಎಂಟು ದಿನವಾಗಿಲ್ಲ, ಮತ್ತೆ ಹೋಯಿತು’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಕವೆಗಳ ಸಾಲನ್ನೇ.

ಕೀಲು ಸವೆದಿದೆಯೆಂದು ತಿಳಿಯಲು ಮುರಿಯುವ ತನಕ ಕಾಯಬೇಕಾಗಿಲ್ಲ. ಪಿ.ಟಿ.ಓ. ಹಾಕಿದ ಕ್ಷಣ ‘ಕಟ್’ ಎಂಬ ಸದ್ದು, ಓಡುವಾಗ ನಡುಕ, ಬಟ್ಟಲಿನ ಬಾಯಲ್ಲಿ ಇಟ್ಟಿಗೆಪುಡಿಯಂಥ ಕೆಂಪು ತುಕ್ಕು, ಇವು ಲಕ್ಷಣಗಳು. ಆ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಬತ್ತಿ ಸೂಜಿಗಳು ಒಣಗಿ ಅರೆಯುತ್ತಿವೆ ಎಂದು ಅರ್ಥ. ಇಂಜಿನ್ನು ನಿಲ್ಲಿಸಿ ಎರಡು ಕವೆಗಳನ್ನೂ ಎರಡು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುವಿ ನೋಡಿ. ಸ್ವಲ್ಪ ಅಲುಗಾಡಿದರೂ ಬದಲಾಯಿಸತಕ್ಕದ್ದು.

ಕೆಲಸಕ್ಕೆ ಕೈ ಹಾಕುವ ಮೊದಲು ರೋಟವೇಟರನ್ನು ನೆಲಕ್ಕಿಳಿಸಿ, ಪಿ.ಟಿ.ಓ. ಲಿವರನ್ನು ಬಿಡಿಸಿ, ಇಂಜಿನ್ನು ನಿಲ್ಲಿಸಿ, ಚಾವಿಯನ್ನು ಜೇಬಿಗೆ ಹಾಕಿಕೊಳ್ಳಿ. ಚಾವಿ ಜೇಬಿನಲ್ಲಿಯೇ ಇರಲಿ. ಮನೆಯ ಹುಡುಗರು ಟ್ರ್ಯಾಕ್ಟರ್ ಹತ್ತುವುದಕ್ಕೆ ಹೊತ್ತುಗೊತ್ತು ಇಲ್ಲ. ಶಾಫ್ಟನ್ನು ಕಳಚಿ, ಪ್ಲಾಸ್ಟಿಕ್ ಹೊದಿಕೆಯನ್ನು ಒಡೆಯದಂತೆ ಬಿಡಿಸಿ, ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಕೀಲನ್ನು ತೊಳೆಯಿರಿ. ಕಳಚುವುದಕ್ಕೆ ಮುಂಚೆ ಕವೆಗಳ ಮೇಲೂ ಎರಡು ಕೊಳವೆಗಳ ಮೇಲೂ ಬಣ್ಣದಿಂದ ಗುರುತು ಹಾಕಿ. ಗ್ರೀಸ್ ನಿಪ್ಪಲ್ ಯಾವ ಕಡೆಗೆ ಮುಖ ಮಾಡಿತ್ತೆಂಬುದನ್ನೂ ನೋಡಿಟ್ಟುಕೊಳ್ಳಿ.

ನಾಲ್ಕು ಸರ್ಕ್ಲಿಪ್ಪುಗಳನ್ನು ಇಕ್ಕಳದಿಂದ ತೆಗೆಯಿರಿ. ಅವು ಚಿಮ್ಮುತ್ತವೆ, ಕಣ್ಣಿಗೆ ಕನ್ನಡಕವಿರಲಿ. ಆಮೇಲೆ ಬಟ್ಟಲುಗಳನ್ನು ಹೊರಡಿಸುವುದು. ಇದಕ್ಕೆ ವೈಸೇ ಒಳ್ಳೆಯ ಸಾಧನ. ಒಂದು ಪಕ್ಕದ ಬಟ್ಟಲಿಗೆ ಅದಕ್ಕಿಂತ ಚಿಕ್ಕ ಸಾಕೆಟ್ಟನ್ನು ಆನಿಸಿ, ಎದುರು ಪಕ್ಕಕ್ಕೆ ಬಟ್ಟಲು ಒಳಗೆ ಸೇರುವಷ್ಟು ದೊಡ್ಡ ಸಾಕೆಟ್ಟನ್ನು ಇಟ್ಟು ವೈಸನ್ನು ಬಿಗಿಯಿರಿ. ಚಿಕ್ಕದು ತಳ್ಳುತ್ತದೆ, ಎದುರಿನ ಬಟ್ಟಲು ದೊಡ್ಡದರೊಳಗೆ ಇಳಿಯುತ್ತದೆ. ಅರ್ಧ ಹೊರಗೆ ಬಂದದ್ದನ್ನು ಇಕ್ಕಳದಿಂದ ಹಿಡಿದು ತಿರುವಿ ತೆಗೆಯಬಹುದು. ಹೀಗೆಯೇ ನಾಲ್ಕೂ ಕಡೆ. ವೈಸ್ ಇಲ್ಲದವರು ಕವೆಯನ್ನು ಮರದ ದಿಮ್ಮಿಯ ಮೇಲೆ ಕೂರಿಸಿ ಹಿತ್ತಾಳೆಯ ತುಂಡನ್ನು ನಡುವೆ ಇಟ್ಟು ಹೊಡೆಯಬೇಕು. ಸುತ್ತಿಗೆಯಿಂದ ನೇರವಾಗಿ ಬಟ್ಟಲಿಗೆ ಹೊಡೆಯಕೂಡದು. ಅದು ಹದಗೊಳಿಸಿದ ಗಡಸು ಉಕ್ಕು, ಚೂರು ಸಿಡಿದು ಕಣ್ಣಿಗೆ ಹೋದೀತು.

ಹಳೆಯ ಕ್ರಾಸನ್ನು ಬಟ್ಟಲುಗಳ ಸಮೇತ ಅಂಗಡಿಗೆ ಒಯ್ಯಿರಿ. ಟ್ರ್ಯಾಕ್ಟರಿನ ಹೆಸರು ಹೇಳಿ ಕೇಳಿದರೆ ಸಾಲದು, ಏಕೆಂದರೆ ಶಾಫ್ಟು ಟ್ರ್ಯಾಕ್ಟರಿನದಲ್ಲ, ಉಪಕರಣದ್ದು. ಬಟ್ಟಲಿನ ಅಡ್ಡಳತೆ, ಬಟ್ಟಲು ತೊಡಿಸಿದ ಮೇಲೆ ಈ ತುದಿಯಿಂದ ಆ ತುದಿಯ ಉದ್ದ, ಈ ಎರಡು ಅಳತೆ ಮುಖ್ಯ. 27 ಮಿ.ಮೀ. ಬಟ್ಟಲು ಮತ್ತು 74.6 ಮಿ.ಮೀ. ಉದ್ದದ್ದೊಂದು, 30.2 ಮಿ.ಮೀ. ಮತ್ತು 80 ಮಿ.ಮೀ.ನದ್ದೊಂದು, ಹೀಗೆ ಹಲವು ಬಗೆಗಳಿವೆ. ಕಣ್ಣಂದಾಜು ಇಲ್ಲಿ ನಡೆಯದು. ಕವೆಯ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಕವೆಯನ್ನೂ ಬದಲಾಯಿಸಬೇಕಾಗುವುದು. ತಗಡು ಸುತ್ತಿ ಬಟ್ಟಲನ್ನು ಬಿಗಿ ಮಾಡುವವರನ್ನು ಕಂಡಿದ್ದೇನೆ. ಅದು ಹೆಚ್ಚು ದಿನ ಬಾಳದು.

ಹೊಸದನ್ನು ಕೂರಿಸುವಾಗ ಮಾತ್ರ ತಾಳ್ಮೆ ಬೇಕು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಬ್ಬ ರೈತನ ಶಾಫ್ಟಿಗೆ ಕ್ರಾಸ್ ಹಾಕಿಕೊಟ್ಟೆ. ಕೊನೆಯ ಬಟ್ಟಲು ಪೂರಾ ಒಳಗೆ ಇಳಿಯಲೊಲ್ಲದು. ಮೋಡ ಕವಿದಿತ್ತು, ಅವಸರ. ಎರಡು ಏಟು ಜೋರಾಗಿ ಕೊಟ್ಟು ಸರ್ಕ್ಲಿಪ್ಪನ್ನು ಹೇಗೋ ಕೂರಿಸಿದೆ. ಒಂದು ಎಕರೆ ಮುಗಿಯುವ ಮೊದಲೇ ಅದೇ ಬಟ್ಟಲು ಚೂರಾಯಿತು. ಬಿಚ್ಚಿ ನೋಡಿದರೆ ಒಂದು ಸೂಜಿ ಮಗುಚಿ ಬಟ್ಟಲಿನ ತಳದಲ್ಲಿ ಅಡ್ಡ ಬಿದ್ದಿತ್ತು. ಆ ರೈತನು ಒಂದು ಮಾತೂ ಆಡಲಿಲ್ಲ. ಎತ್ತು ಕಟ್ಟಿಕೊಂಡು ಉಳಿದ ಹೊಲವನ್ನು ಹರಗಿದನು. ಅಂದಿನಿಂದ ಬಟ್ಟಲು ಇಳಿಯದಿದ್ದರೆ ಹೊಡೆಯುವುದನ್ನು ಬಿಟ್ಟು ಬಿಚ್ಚುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಆದುದರಿಂದ ಪ್ರತಿ ಬಟ್ಟಲಿನಲ್ಲೂ ಸೂಜಿಗಳೆಲ್ಲ ನೆಟ್ಟಗೆ ನಿಂತಿವೆಯೇ ನೋಡಿ, ಸ್ವಲ್ಪ ಗ್ರೀಸ್ ಸವರಿ ಅವುಗಳನ್ನು ಅಂಟಿಸಿಕೊಳ್ಳಿ. ಮೊದಲು ಕ್ರಾಸನ್ನು ಬರಿದಾಗಿ ಕವೆಯೊಳಗೆ ತೂರಿಸಿ. ಒಂದು ಬಟ್ಟಲನ್ನು ತೂತಿಗೆ ನೆಟ್ಟಗೆ ಇಟ್ಟು, ಒಳಗಿನಿಂದ ಕ್ರಾಸಿನ ತೋಳನ್ನು ಅದರೊಳಕ್ಕೆ ಸೇರಿಸಿ ಹಿಡಿಯಿರಿ. ತೋಳು ಒಳಗಿದ್ದರೆ ಸೂಜಿ ಬೀಳುವುದಿಲ್ಲ. ಹಾಗೆಯೇ ವೈಸಿನಲ್ಲಿ ಮೆಲ್ಲಗೆ ಒತ್ತಿ, ಸರ್ಕ್ಲಿಪ್ ಹಾಕಿ. ಎದುರಿನ ಬಟ್ಟಲಿಗೂ ಇದೇ ಕ್ರಮ. ಬಳೆ ತನ್ನ ಕಚ್ಚಿನಲ್ಲಿ ಸುತ್ತಲೂ ಕೂತಿರಬೇಕು. ನಾಲ್ಕೂ ಮುಗಿದ ಮೇಲೆ ಕೀಲನ್ನು ಕೈಯಲ್ಲಿ ಎರಡು ದಿಕ್ಕಿಗೂ ಆಡಿಸಿ. ಬಿಗಿಯೆನಿಸಿದರೆ ಕವೆಯ ಕಿವಿಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಸಡಿಲವಾಗುವುದು. ಆದರೂ ಒಂದೆಡೆ ಹಿಡಿದರೆ ಮತ್ತೆ ಬಿಚ್ಚಿ ನೋಡಬೇಕು.

ಗ್ರೀಸ್ ಗನ್ನಿನಿಂದ ಲಿಥಿಯಂ ಗ್ರೀಸನ್ನು ನಾಲ್ಕು ತೋಳಿನ ಬಾಯಿಂದಲೂ ಸ್ವಲ್ಪ ಹೊರಬರುವ ತನಕ ತುಂಬಿ. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ತೋಳು ಒಣಗಿಯೇ ಇದೆಯೆಂದು ತಿಳಿಯಿರಿ. ಎಂಟು ಗಂಟೆ ಓಡಿದ ಮೇಲೆ ಒಂದು ಸಲ, ಅಂದರೆ ಕೆಲಸದ ದಿನಗಳಲ್ಲಿ ಪ್ರತಿ ಬೆಳಗ್ಗೆ, ಹೀಗೆ ಗ್ರೀಸ್ ಬೀಳಬೇಕು. ಗಾಡಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡದಿದ್ದ ಹಿರಿಯರ ಮಕ್ಕಳಿಗೆ ಇದನ್ನು ಹೆಚ್ಚಾಗಿ ಹೇಳಬೇಕಿಲ್ಲ. ಜಾರುವ ಕೊಳವೆಗಳಿಗೂ ಗ್ರೀಸ್ ಬೇಕು. ಕೆಲಸದ ವೇಳೆ ಅವು ಒಂದರೊಳಗೊಂದು ಕಡೇಪಕ್ಷ ಮೂರನೆಯ ಒಂದು ಭಾಗದಷ್ಟು ಸೇರಿರಬೇಕು. ಬದುವಿನ ಬಳಿ ತಿರುಗಿಸುವಾಗ ರೋಟವೇಟರನ್ನು ಮೇಲಕ್ಕೆತ್ತಿದಾಗ ಓರೆ ಹೆಚ್ಚುವುದು. ಆಗ ಪಿ.ಟಿ.ಓ. ಬಿಡಿಸಿ ಎತ್ತಿದರೆ ಕ್ರಾಸಿನ ಆಯುಸ್ಸು ಬೆಳೆಯುತ್ತದೆ.

ಬಿಡಿಸಿಟ್ಟ ಪ್ಲಾಸ್ಟಿಕ್ ಹೊದಿಕೆಯನ್ನು ಮರಳಿ ಹಾಕದೆ ಶಾಫ್ಟನ್ನು ಟ್ರ್ಯಾಕ್ಟರಿಗೆ ಕೂಡಿಸಬೇಡಿ. 540 ಸುತ್ತೆಂದರೆ ಸೆಕೆಂಡಿಗೆ 9 ಸುತ್ತು. ಒಮ್ಮೆ ಕಣದಲ್ಲಿ ಹೊದಿಕೆಯಿಲ್ಲದ ಶಾಫ್ಟಿನ ಮೇಲೆ ಬಗ್ಗಿ ನೋಡುತ್ತಿದ್ದಾಗ ನನ್ನ ಹೆಗಲ ಟವೆಲ್ಲಿನ ತುದಿ ಕವೆಗೆ ತಾಕಿತು. ಹೆಗಲು ಬರಿದಾದದ್ದು ಗೊತ್ತಾಗುವಷ್ಟರಲ್ಲಿ ಟವೆಲ್ಲು ಹಗ್ಗದಂತೆ ಸುತ್ತಿಕೊಂಡಿತ್ತು. ಕೊರಳಿಗೆ ಸುತ್ತಿಕೊಂಡಿರಲಿಲ್ಲವಾಗಿ ಬದುಕಿದೆ. ಸೀರೆಯ ಸೆರಗು, ಪಂಚೆಯ ಚುಂಗು, ಬಿಚ್ಚಿದ ಜಡೆ ಯಾವುದನ್ನೂ ಅದು ಬಿಡದು. ಒಡೆದ ಹೊದಿಕೆಗೆ ತಂತಿ ಕಟ್ಟಿ ನಡೆಸಬೇಡಿ. ಕ್ರಾಸ್ ಕೊಳ್ಳುವ ದಿನವೇ ಹೊಸ ಹೊದಿಕೆಯನ್ನೂ ತನ್ನಿ. ಹೊದಿಕೆ ತಾನು ತಿರುಗದಂತೆ ಅದರ ಸರಪಳಿಯನ್ನು ಟ್ರ್ಯಾಕ್ಟರಿನ ಗಟ್ಟಿಯಾದ ಭಾಗಕ್ಕೆ ಸಿಕ್ಕಿಸಬೇಕು.

ಎಲ್ಲ ಕೂಡಿಸಿದ ಮೇಲೆ ಇಂಜಿನ್ನನ್ನು ಕಡಿಮೆ ವೇಗದಲ್ಲಿಟ್ಟು, ಜನರನ್ನು ದೂರ ನಿಲ್ಲಿಸಿ, ಐದು ನಿಮಿಷ ಬರಿದೇ ತಿರುಗಿಸಿ. ನಿಲ್ಲಿಸಿ, ಚಾವಿ ತೆಗೆದು, ಬಟ್ಟಲುಗಳನ್ನು ಕೈಯಿಂದ ಮುಟ್ಟಿ ನೋಡಿ. ನಾಲ್ಕೂ ಒಂದೇ ಸಮನಾಗಿ ಬೆಚ್ಚಗಿದ್ದರೆ ಹೊಲಕ್ಕೆ ನಡೆಯಬಹುದು. ಒಂದು ಮಾತ್ರ ಸುಡುತ್ತಿದ್ದರೆ ಅದೇ ತೋಳನ್ನು ಮತ್ತೆ ಬಿಚ್ಚಿ.